ಕೊನೇ ಕಂತು ಕಟ್ಟಿ ಬಂದೆ

ನಿನ್ನೆ ಬ್ಯಾಂಕಿಗೆ ಹೋಗಿ ನಮ್ಮ ರೊಟ್ಟಿ ಯೂನಿಟ್ಟಿನ ಸಾಲದ 60ನೇ ಕಂತು ಕಟ್ಟಿ ಬಂದೆ. ಕೊನೇ ಕಂತು. ಕೌಂಟರಿನ ಹುಡುಗ ತಲೆ ಎತ್ತದೆ "ಕ್ಲೋಸ್ ಆಯ್ತು ಮೇಡಂ, ಲೆಟರಿಗೆ ಮುಂದಿನ ವಾರ ಬನ್ನಿ" ಅಂದ. ನಾನು ಐದು ವರ್ಷ ಕಾದಿದ್ದು ಇದಕ್ಕೆ, ಅವನಿಗೆ ಅದು ಇನ್ನೊಂದು ಚೀಟಿ ಅಷ್ಟೆ. ಹೊರಗೆ ಬಂದು ಪಿ.ಬಿ. ರಸ್ತೆಯಲ್ಲಿ ಸ್ಕೂಟಿ ಹತ್ತಿರ ಸುಮ್ನೆ ನಿಂತೆ. ಆಮೇಲೆ ಒಬ್ಬಳೇ ಹೋಗಿ ಬೆಣ್ಣೆ ದೋಸೆ ತಿಂದೆ. ದಾವಣಗೆರೆಯವರು ಖುಷಿಯಾದರೂ ಅದನ್ನೇ ತಿನ್ನೋದು, ಬೇಜಾರಾದರೂ ಅದನ್ನೇ.

ಎದುರಿಗೆ ನಿಂತು ಥ್ಯಾಂಕ್ಸ್ ಹೇಳೋಕೆ ಹೋದರೆ ಅಳು ಬರುತ್ತೆ. ಅದಕ್ಕೆ ಇಲ್ಲಿ ಬರೀತಿದ್ದೇನೆ.

ಮೊದಲು ನಮ್ಮ ಪಿ.ಟಿ. ಟೀಚರ್. ಹೆಸರು ಹಾಕಬೇಡ ಅಂದಿದ್ದಾರೆ, ಹಾಕಲ್ಲ. ಚಿತ್ರದುರ್ಗದ ಕಡೆ ನಮ್ಮ ಹಳ್ಳಿ ಹೈಸ್ಕೂಲಲ್ಲಿ ಖೋ ಖೋ ಕಲಿಸಿದವರು. ಆಡಿದವರಿಗೆ ಗೊತ್ತು, ಕೂತವಳ ಬೆನ್ನು ಮುಟ್ಟಿದರೆ ಸಾಲದು, ಮುಟ್ಟೋದೂ 'ಖೋ' ಅನ್ನೋದೂ ಒಟ್ಟಿಗೆ ಆಗಬೇಕು, ಗಟ್ಟಿಯಾಗಿ ಕೇಳಬೇಕು, ಇಲ್ಲದಿದ್ದರೆ ಫೌಲ್. ನಾನು ಓಡೋದರಲ್ಲಿ ಜೋರು, ಬಾಯಿ ಮಾತ್ರ ಬರ್ತಿರಲಿಲ್ಲ. ಟೀಚರ್ ನನ್ನನ್ನು ಮೈದಾನದ ಆ ತುದಿಗೆ ನಿಲ್ಲಿಸಿ, ಈ ತುದಿಗೆ ಕೇಳಿಸೋ ತನಕ ಖೋ ಅನ್ನಿಸುತ್ತಿದ್ದರು. ದನ ಕಾಯೋ ಹುಡುಗರು ಬೇಲಿ ಆಚೆ ನಿಂತು ನಗೋರು.

ಮಳೆ ಬಂದ ದಿನ ಒಳಗೆ ಕೂರಿಸಿ ಪಿ.ಟಿ. ಉಷಾ ಕಥೆ ಹೇಳೋರು. 1984, ಲಾಸ್ ಏಂಜಲೀಸ್ ಒಲಿಂಪಿಕ್ಸ್, 400 ಮೀಟರ್ ಹರ್ಡಲ್ಸ್. ಉಷಾ ಓಡಿದ್ದು 55.42 ಸೆಕೆಂಡ್, ಕಂಚು ಗೆದ್ದವಳು 55.41. ನೂರರಲ್ಲಿ ಒಂದು ಪಾಲು ಸೆಕೆಂಡ್ ಅಂದ್ರೆ ಎಷ್ಟು ಅಂತ ಕೇಳಿದ್ದಕ್ಕೆ ಟೀಚರ್ ಒಂದು ಸಲ ರೆಪ್ಪೆ ಬಡಿದು "ಇದರಲ್ಲಿ ಹತ್ತನೇ ಒಂದು ಭಾಗವೂ ಇಲ್ಲ ಕಣ್ರೇ" ಅಂದಿದ್ದರು. ಎಲ್ಲರೂ ಗೆದ್ದವರ ಕಥೆ ಹೇಳ್ತಾರೆ, ನಮ್ಮ ಟೀಚರಿಗೆ ಯಾಕೋ ಆ ನಾಲ್ಕನೇ ಸ್ಥಾನದ ಮೇಲೇ ಪ್ರೀತಿ. 2022ರಲ್ಲಿ ಅದೇ ಉಷಾ ಭಾರತೀಯ ಒಲಿಂಪಿಕ್ ಸಂಸ್ಥೆಗೆ ಅಧ್ಯಕ್ಷೆ ಆದಾಗ ನನಗೆ ಫೋನ್ ಮಾಡಿ, ತಾವೇ ಗೆದ್ದ ಹಾಗೆ ಕೂಗಿದ್ದರು.

ಪಿಯುಸಿ ಮುಗೀತು, ಮದುವೆ ಆಯ್ತು, ದಾವಣಗೆರೆಗೆ ಬಂದೆ. ಓಟ ಅಲ್ಲಿಗೆ ನಿಂತಿತು. 2019ರಲ್ಲಿ ಮನೆಯಲ್ಲೇ ಜೋಳದ ರೊಟ್ಟಿ ತಟ್ಟಿ ಮೆಸ್ಸುಗಳಿಗೆ ಕೊಡೋಕೆ ಶುರು ಮಾಡಿದೆ. ಇಲ್ಲಿ ಮೆಡಿಕಲ್ಲು, ಇಂಜಿನಿಯರಿಂಗು ಓದೋಕೆ ಬಂದ ಹುಬ್ಬಳ್ಳಿ, ವಿಜಯಪುರ, ಕೊಪ್ಪಳದ ಮಕ್ಕಳಿಗೆ ಅನ್ನ ಎಷ್ಟು ಹಾಕಿದರೂ ರೊಟ್ಟಿ ಇಲ್ಲದಿದ್ದರೆ ಹೊಟ್ಟೆ ತುಂಬಲ್ಲ. ನಮ್ಮ ಜಿಲ್ಲೆಯಲ್ಲೋ ಎಲ್ಲಿ ನೋಡಿದರೂ ಮೆಕ್ಕೆಜೋಳ, ಅಡಿಕೆ, ಭದ್ರಾ ನೀರು ಹರಿಯೋ ಕಡೆ ಭತ್ತ. ಒಳ್ಳೆ ಬಿಳಿಜೋಳಕ್ಕೆ ವಿಜಯಪುರದ ಕಡೆಯೇ ಕೈ ಚಾಚಬೇಕು.

ಆರ್ಡರ್ ಜಾಸ್ತಿ ಆಯ್ತು, ಮಷಿನ್ ಬೇಕಾಯ್ತು, ಸಾಲ ಬೇಕಾಯ್ತು. ಮೊದಲು ಹೋದ ಬ್ಯಾಂಕಿನಲ್ಲಿ (ಯಾವುದು ಅಂತ ಬೇಡ) ನನ್ನ ಕಾಗದ ತಿರುವಿಯೂ ನೋಡದೆ "ಯಜಮಾನ್ರನ್ನ ಕರ್ಕೊಂಡ್ ಬನ್ನಿ" ಅಂದರು. ಸುಮ್ನೆ ಎದ್ದು ಬಂದೆ. ರಾತ್ರಿ ಟೀಚರಿಗೆ ಹೇಳಿದರೆ "ಅಲ್ಲೂ ಬಾಯಿ ಬಿಡಲಿಲ್ವೇನೇ?" ಅಂತ ಬೈದರು. ಬೈದು, ಹಳೇ ಪೇಪರ್ ಕಟಿಂಗ್ ಒಂದರ ಫೋಟೋ ಕಳಿಸಿದರು. ಕಿರಣ್ ಮಜುಂದಾರ್ ಶಾ ಅವರದು. 1978ರಲ್ಲಿ ಬೆಂಗಳೂರಿನ ಬಾಡಿಗೆ ಗ್ಯಾರೇಜಿನಲ್ಲಿ 10,000 ರೂಪಾಯಿ ಇಟ್ಕೊಂಡು ಬಯೋಕಾನ್ ಶುರು ಮಾಡಿದಾಗ ಅವರಿಗೂ ಬ್ಯಾಂಕಿನವರು ಸಾಲ ಕೊಡೋಕೆ ಹಿಂದೆಮುಂದೆ ನೋಡಿದ್ದರಂತೆ. ಅದಕ್ಕೂ ಮುಂಚೆ ಆಸ್ಟ್ರೇಲಿಯಾದಲ್ಲಿ ಬಿಯರ್ ತಯಾರಿಸೋ ವಿದ್ಯೆ ಕಲಿತು ಬಂದಿದ್ದರು, ಹೆಂಗಸು ಅಂತ ಇಲ್ಲಿ ಆ ಕೆಲಸ ಸಿಗಲಿಲ್ಲ. ಅವರು ಪಪ್ಪಾಯಿಯಿಂದ ಕಿಣ್ವ ತೆಗೆದರು, ನಾನು ರೊಟ್ಟಿ ತಟ್ಟೋಳು, ಅಜಗಜಾಂತರ. ಆದರೂ ಆ ಗ್ಯಾರೇಜು ನನಗೆ ಹತ್ತಿರದ್ದು ಅನ್ನಿಸಿತು. ನಮ್ಮದೂ ಆಗ ಒಂದು ಶೆಡ್ಡೇ ಅಲ್ವಾ.

ಎರಡನೇ ಬ್ಯಾಂಕಿನಲ್ಲಿ ಗಟ್ಟಿಯಾಗಿ ಮಾತಾಡಿದೆ. ಪಕ್ಕದ ಕೌಂಟರಿನವರು ತಿರುಗಿ ನೋಡುವಷ್ಟು. ಅಲ್ಲಿದ್ದ ಮೇಡಂ ನನ್ನ ರೊಟ್ಟಿ ಲೆಕ್ಕದ ನೋಟ್‌ಬುಕ್ ಪೂರ್ತಿ ಓದಿದರು, ಎರಡು ಕಡೆ ಕೂಡಿದ್ದು ತಪ್ಪಾಗಿದೆ ಅಂತ ತೋರಿಸಿದರು, ಮೂರು ಲಕ್ಷ ಮಂಜೂರು ಮಾಡಿದರು. ಮೇಡಂ, ನೀವು ವರ್ಗವಾಗಿ ಎಲ್ಲಿದ್ದೀರೋ ಗೊತ್ತಿಲ್ಲ. ನಿಮಗೆ ದೊಡ್ಡ ನಮಸ್ಕಾರ.

ಅದು 2021ರ ಫೆಬ್ರವರಿ. ಏಪ್ರಿಲ್ ಕೊನೆಗೆ ಮತ್ತೆ ಲಾಕ್‌ಡೌನ್. ಹಾಸ್ಟೆಲ್ ಖಾಲಿ, ಮೆಸ್ ಬಂದ್, ಹೊಸ ಮಷಿನ್ ಮೇಲೆ ಹಳೇ ಬೆಡ್‌ಶೀಟ್. ಆ ಎರಡು ತಿಂಗಳ ಬಗ್ಗೆ ಜಾಸ್ತಿ ಬರೆಯಲ್ಲ. ತಾಳಿ ಸರದಲ್ಲಿದ್ದ ಗುಂಡು ಅಡ ಇಟ್ಟು ಕಂತು ಕಟ್ಟಿದೆ ಅಂದರೆ ಸಾಕು.

ಆಗ ಬಿಟ್ಟು ಹೋಗದವರು ನಮ್ಮ ಸಂಘದ ಆರು ಜನ ಹೆಂಗಸರು. ನನ್ನನ್ನೂ ಸೇರಿಸಿದರೆ ಏಳು. ಈ ಏಳು ಅನ್ನೋದು ನನಗೆ ಒಂಥರಾ ಶಕುನ. ಯಾಕೆಂದರೆ ಲಿಜ್ಜತ್ ಪಾಪಡ್ ಶುರು ಮಾಡಿದವರೂ ಏಳೇ ಜನ. 1959, ಮುಂಬೈನ ಗಿರ್ಗಾಂವ್, ಒಂದು ಕಟ್ಟಡದ ತಾರಸಿ, 80 ರೂಪಾಯಿ ಕೈಸಾಲ, ಮೊದಲ ದಿನ ನಾಲ್ಕು ಪ್ಯಾಕೆಟ್ ಹಪ್ಪಳ. ಅವರಲ್ಲೊಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಲಾಕ್‌ಡೌನಿನಲ್ಲಿ ಖಾಲಿ ಕೂತು ಇದನ್ನೆಲ್ಲ ಓದಿದೆ. ಭಾಷಣಗಳಲ್ಲಿ 'ಸೊನ್ನೆಯಿಂದ ಕೋಟಿ' ಅಂತಾರಲ್ಲ, ಅದು ನನಗೆ ತಲೆಗೆ ಹೋಗಲ್ಲ. ಅವರ ಪದ್ಧತಿ ತಲೆಗೆ ಹೋಯ್ತು. ಅಲ್ಲಿ ಕೆಲಸ ಮಾಡೋರೇ ಮಾಲೀಕರು, ಲಾಭ ಹಂಚ್ಕೋತಾರೆ. ಕಲಸಿದ ಹಿಟ್ಟನ್ನು ಕೇಂದ್ರದಿಂದ ಮನೆಗೆ ಒಯ್ದು, ಲಟ್ಟಿಸಿ ಒಣಗಿಸಿ, ಮಾರನೇ ದಿನ ತಂದು ಕೊಡ್ತಾರೆ.

ನಾವೂ ಹಾಗೇ ಮಾಡೋಣ ಅಂತ ಹೋಗಿ ಮೊದಲ ವಾರವೇ ಕೆಟ್ಟೆವು. ಉದ್ದಿನ ಹಿಟ್ಟು ಕಾಯುತ್ತೆ, ಜೋಳದ ಹಿಟ್ಟು ಕಾಯಲ್ಲ. ಎಸರಿಗೆ ಹಾಕಿ ನಾದಿದ ಮೇಲೆ ಬಿಸಿ ಆರೋದರೊಳಗೆ ತಟ್ಟಬೇಕು, ಇಲ್ಲದಿದ್ದರೆ ಅಂಚು ಬಿರೀತದೆ. ಹಾಗಾಗಿ ನಾವು ಒಣ ಹಿಟ್ಟು ತೂಗಿ ಕೊಟ್ಟೆವು, ಅವರವರ ಮನೆಯಲ್ಲಿ ನಾದಿ, ತಟ್ಟಿ, ಎಣಿಸಿ ತಂದರು. ಲಾಭ ಮಾತ್ರ ಲಿಜ್ಜತ್ ಥರವೇ, ಸಮ ಪಾಲು. ಕಾಲೇಜು ತೆರೆದ ಮೇಲೂ ಅದನ್ನು ಬದಲಾಯಿಸಲಿಲ್ಲ. ಮಷಿನ್ ರೊಟ್ಟಿ ಮೆಸ್ಸಿಗೆ, ಕೈ ರೊಟ್ಟಿ ಮನೆ ಆರ್ಡರಿಗೆ. ರುಚಿ ಕೈ ರೊಟ್ಟಿಯದ್ದೇ, ಮಷಿನ್ ಸಾಲ ತೀರಿಸಿದವಳೇ ಹೇಳ್ತಿದ್ದೇನೆ ನಂಬಿ.

ಈ ಆರು ಜನರಲ್ಲಿ ನಮ್ಮ ಅಜ್ಜಿಗೆ ಬೇರೆ ಥ್ಯಾಂಕ್ಸ್. 2022ರ ಮಳೆಗಾಲದಲ್ಲಿ 600 ಕಡಕ್ ರೊಟ್ಟಿ ಆರ್ಡರ್ ಇತ್ತು. ಅವಸರಕ್ಕೆ ಬಿದ್ದು ಆರೋಕೆ ಮುಂಚೆಯೇ ಪ್ಲಾಸ್ಟಿಕ್ಕಿಗೆ ತುಂಬಿಸಿದವಳು ನಾನೇ. ನಾಲ್ಕನೇ ದಿನಕ್ಕೆ ಎಲ್ಲ ವಾಪಸ್. ಕವರ್ ಬಿಚ್ಚಿದರೆ ಒಳಗೆ ಬೆವರು, ರೊಟ್ಟಿ ಮೇಲೆ ಹಸಿರು ಬೂಷ್ಟು. ನಾನು ಗೋಡೆಗೆ ಒರಗಿ ಕೂತುಬಿಟ್ಟೆ. ಅಜ್ಜಿ ಒಂದು ಮಾತೂ ಆಡಲಿಲ್ಲ, ಒಲೆ ಹಚ್ಚಿದರು. ಹೊಸದಾಗಿ ಬೇಯಿಸಿದ ರೊಟ್ಟಿಗಳನ್ನು ಒಲೆ ಸುತ್ತ ಒಂದಕ್ಕೊಂದು ಒರಗಿಸಿ ನಿಲ್ಲಿಸಿದರು, ಕಾವಿಗೆ ಅವು ನಿಧಾನವಾಗಿ ಬೆಂಡಾದವು. ಆಮೇಲೆ ಬುಟ್ಟಿಯಲ್ಲಿ ಬಟ್ಟೆ ಹಾಸಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಒಂದನ್ನು ನನ್ನ ಕಿವಿ ಹತ್ತಿರ ತಂದು ಮುರಿದರು. ಟಕ್ ಅಂತು. "ಈ ಸದ್ದು ಬಂದ ಮೇಲೆ ಕಟ್ಟು" ಅಂದರು. ಇವತ್ತಿಗೂ ನಮ್ಮ ಕ್ವಾಲಿಟಿ ಚೆಕ್ ಅಷ್ಟೇ.

ಇನ್ನೊಂದು ಸಂಜೆಯದ್ದು ಹೇಳಲೇಬೇಕು. 2025ರ ಜನವರಿ 19, ಭಾನುವಾರ. ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಫೈನಲ್, ನಮ್ಮ ಹೆಣ್ಣುಮಕ್ಕಳು ನೇಪಾಳದ ಮೇಲೆ. ತಂಡದಲ್ಲಿ ನಮ್ಮವಳೊಬ್ಬಳು, ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ. ಹಿಟ್ಟಿನ ಡಬ್ಬಕ್ಕೆ ಫೋನ್ ಒರಗಿಸಿಟ್ಟು ಏಳೂ ಜನ ನೋಡಿದೆವು. 78–40ಕ್ಕೆ ಗೆದ್ದಾಗ ನಾನು ಖೋ ಅಂತ ಕೂಗಿದ್ದು ಪಕ್ಕದ ಬೀದಿಗೂ ಕೇಳಿಸಿತಂತೆ. ತವೆ ಮೇಲಿದ್ದ ಎರಡು ರೊಟ್ಟಿ ಸೀದು ಕರಕಲಾದವು. ಟೀಚರಿಗೆ ವಿಡಿಯೋ ಕಾಲ್ ಮಾಡಿದರೆ ಅವರೂ ಅಳ್ತಿದ್ದರು, ನಾನೂ. ನಮ್ಮ ಕಾಲದಲ್ಲಿ ಖೋ ಖೋ ಆಡಿದರೆ ಜಾಸ್ತಿ ಅಂದ್ರೆ ಒಂದು ಸ್ಟೀಲ್ ಲೋಟ ಸಿಗ್ತಿತ್ತು. ಆ ಲೋಟ ಈಗಲೂ ಯೂನಿಟ್ಟಿನಲ್ಲಿದೆ, ಎಸರಿಗೆ ನೀರು ಅಳೆಯೋದು ಅದರಲ್ಲೇ.

ಮನೆಯವರನ್ನು ಬಿಟ್ಟರೆ ರಾತ್ರಿ ಊಟ ಸಿಗಲ್ಲ. ಬೆಳಿಗ್ಗೆ ಆರಕ್ಕೆ ಬೈಕಿನಲ್ಲಿ ಮೆಸ್ಸುಗಳಿಗೆ ರೊಟ್ಟಿ ಮುಟ್ಟಿಸಿ ಆಮೇಲೆ ತಮ್ಮ ಅಂಗಡಿ ಕೆಲಸಕ್ಕೆ ಹೋಗೋ ನಮ್ಮ ಯಜಮಾನ್ರಿಗೆ ಥ್ಯಾಂಕ್ಸ್ (ಮೊದಲ ಬ್ಯಾಂಕಿನವರು ಕೇಳಿದ್ದು ಇವರನ್ನೇ!). "ರೊಟ್ಟಿ ಮಾರೋ ಮನೆತನ ಅಲ್ಲ ನಮ್ಮದು" ಅಂದಿದ್ದ ನಮ್ಮ ಅತ್ತೆಗೂ. ಈಗ ಸಂಜೆ ಲೆಕ್ಕ ಬರೆಯೋರು ಅವರೇ, ಒಂದು ರೊಟ್ಟಿ ಕಮ್ಮಿ ಬಂದರೂ ನನ್ನನ್ನು ಕರೆದು ಕೇಳ್ತಾರೆ. ಲಾಕ್‌ಡೌನಿನಲ್ಲಿ ನಿಂತುಹೋಗಿದ್ದ ಬಾಕಿಯನ್ನು ಊರಿಂದ ವಾಪಸ್ ಬಂದ ಮೇಲೆ ತಾವಾಗೇ ಕೊಟ್ಟ ಮೆಸ್ ಅಕ್ಕಂದಿರಿಗೆ, "ಆಂಟಿ, ಇವತ್ತು ರೊಟ್ಟಿ ದಪ್ಪ" ಅಂತ ಮುಖಕ್ಕೆ ಹೇಳೋ ಹಾಸ್ಟೆಲ್ ಮಕ್ಕಳಿಗೆ, ಎಲ್ಲರಿಗೂ.

ಬರೋ ಭಾನುವಾರ ಮಧ್ಯಾಹ್ನ ಯೂನಿಟ್ಟಿಗೆ ಊಟಕ್ಕೆ ಬನ್ನಿ. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಟೀಚರ್ ಬೆಳಿಗ್ಗೆ ಬಸ್ಸಿಗೆ ದುರ್ಗದಿಂದ ಬರ್ತಾರೆ. ಎಷ್ಟು ಜನ ಬರ್ತೀರಿ ಅಂತ ಶನಿವಾರ ಸಂಜೆಯೊಳಗೆ ಹೇಳಿಬಿಡಿ, ಹಿಟ್ಟು ಬೀಸಿಸಬೇಕು.