ಸ್ಪಾ ಬಿಡುವ ಮೊದಲು: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಸ್ಪಾ ಕೆಲಸ ಬಿಟ್ಟು, ಮನೆಮನೆಗೆ ಹೋಗಿ ಸ್ವಂತವಾಗಿ ಮಸಾಜ್ ಮಾಡುತ್ತೇನೆ ಎಂದು ನೀನು ಮೊನ್ನೆ ಫೋನಿನಲ್ಲಿ ಹೇಳಿದೆ. ನಾನು ಆಗ ಜಾಸ್ತಿ ಏನೂ ಹೇಳಲಿಲ್ಲ. ಬರೆದು ಕಳಿಸಿದರೆ ನೀನು ಎರಡು ಸಲ ಓದುತ್ತೀಯ, ಅದಕ್ಕೇ ಈ ಪತ್ರ. ಬೇಡ ಅನ್ನುವುದಕ್ಕೆ ಬರೆಯುತ್ತಿಲ್ಲ. ಮಾಡು, ನನಗೆ ಸಂತೋಷವೇ. ಆದರೆ ನೀನು ಹಾಕಿರುವ ಲೆಕ್ಕ ಸರಿಯಿಲ್ಲ.

ನಿನ್ನ ಲೆಕ್ಕ ಇದು. ಸ್ಪಾದವರು ಒಂದು ಗಂಟೆಗೆ 2,500 ರೂಪಾಯಿ ತೆಗೆದುಕೊಳ್ಳುತ್ತಾರೆ, ನಿನಗೆ ಬರುವುದು ಸಂಬಳ ಮತ್ತು ಟಿಪ್ಸ್. ನೀನೇ ಮಾಡಿದರೆ ಗಂಟೆಗೆ 1,200 ಇಟ್ಟರೂ ದಿನಕ್ಕೆ ಐದು ಜನ ಎಂದರೆ 6,000. ತಿಂಗಳಿಗೆ 25 ದಿನ, ಒಂದೂವರೆ ಲಕ್ಷ. ಕೇಳಲು ಚೆನ್ನಾಗಿದೆ. ಆದರೆ ನಿನ್ನ ಎರಡು ಕೈ ದಿನಕ್ಕೆ ಐದು ಮೈ ನೀವಿ, ಎಷ್ಟು ವರ್ಷ ಉಳಿಯುತ್ತವೆ? ಅದನ್ನು ನೀನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ನಾನು ಬಾಣಂತಿಯರಿಗೆ ಎಣ್ಣೆ ನೀರು ಹಾಕುವ ಕೆಲಸದಿಂದ ಶುರು ಮಾಡಿದವಳು. ಆಮೇಲೆ ಪಂಚಕರ್ಮ ಕೇಂದ್ರಕ್ಕೆ ಸೇರಿದೆ. ಅಲ್ಲಿ ನನ್ನ ಜೊತೆ ಇದ್ದ ಹೆಂಗಸರಲ್ಲಿ ಎಷ್ಟೋ ಜನ ನಲವತ್ತು ದಾಟುವ ಮೊದಲೇ ಕೆಲಸ ಬಿಟ್ಟರು. ಯಾರಿಗೂ ಕೆಲಸ ಬೇಜಾರಾಗಿರಲಿಲ್ಲ. ಬೆಳಗ್ಗೆ ಎದ್ದು ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತಿರುಗಿಸಲು ಆಗುತ್ತಿರಲಿಲ್ಲ, ಅಷ್ಟೇ. ನಮ್ಮ ಕೆಲಸದಲ್ಲಿ ಮೊದಲು ಸವೆಯುವುದು ಹೆಬ್ಬೆರಳ ಬುಡದ ಕೀಲು. ಆಮೇಲೆ ಮಣಿಕಟ್ಟು, ಆಮೇಲೆ ಸೊಂಟ. ಸವೆದ ಕೀಲನ್ನು ಮೊದಲಿನಂತೆ ಮಾಡಿಕೊಡುವ ಔಷಧಿ ಇಲ್ಲ.

ಆದ್ದರಿಂದ ಮೊದಲು ಟೇಬಲ್ಲಿನ ಎತ್ತರ ನೋಡಿಕೋ. ನೆಟ್ಟಗೆ ನಿಂತು ಕೈ ಇಳಿಬಿಟ್ಟರೆ ಮುಷ್ಟಿ ಟೇಬಲ್ಲಿಗೆ ತಾಗಬೇಕು. ಅದಕ್ಕಿಂತ ಎತ್ತರವಿದ್ದರೆ ಭುಜದಿಂದ ಒತ್ತುತ್ತೀಯ, ತೀರಾ ತಗ್ಗಿದ್ದರೆ ಸೊಂಟ ಹೋಗುತ್ತದೆ. ಬೆನ್ನು, ತೊಡೆಗೆ ಮುಂಗೈ ಬಳಸು. ಹಿಂದಿನ ಕಾಲಿನಿಂದ ಮೈಯ ಭಾರ ಬಿಡು, ತೋಳಿನ ಬಲದಿಂದ ತಳ್ಳಬೇಡ. ಹೆಬ್ಬೆರಳನ್ನು ತಲೆಬುರುಡೆಯ ಕೆಳಗೆ, ಕತ್ತಿನ ಸಂದಿಯಲ್ಲಿ, ಅಂಗಾಲಿನಲ್ಲಿ ಮಾತ್ರ ಬಳಸು. ಇಡೀ ದಿನ ಲ್ಯಾಪ್‌ಟಾಪ್ ಮುಂದೆ ಕೂತವರ ಭುಜ ಕಲ್ಲಾಗಿರುತ್ತದೆ. "ಇನ್ನೂ ಜೋರಾಗಿ ಒತ್ತಿ" ಅನ್ನುತ್ತಾರೆ. ಬಿಸಿ ಎಣ್ಣೆ ಹಾಕಿ ನಿಧಾನಕ್ಕೆ ಸಡಿಲ ಮಾಡದೆ ಜೋರು ಮಾಡಿದರೆ ಅವರಿಗೆ ಮಾರನೆಯ ದಿನ ಮೈ ಕಂದುತ್ತದೆ, ನಿನಗೆ ಬೆರಳು ಊದುತ್ತದೆ. ಎಷ್ಟು ಒತ್ತಬೇಕು ಎಂಬುದು ನಿನ್ನ ತೀರ್ಮಾನ. ಅದನ್ನು ಗ್ರಾಹಕರಿಗೆ ಬಿಟ್ಟುಕೊಡಬೇಡ.

ದಿನಕ್ಕೆ ಮೂರು ಸಾಕು. ಅಪರೂಪಕ್ಕೆ ನಾಲ್ಕು. ನಡುವೆ ಅರ್ಧ ಗಂಟೆಯಾದರೂ ಕೈಗೆ ಬಿಡುವು ಇರಲಿ. ಇದನ್ನು ಇಟ್ಟುಕೊಂಡು ಈಗ ಲೆಕ್ಕ ಹಾಕು. ತಿಂಗಳಿಗೆ 22 ದಿನ, ದಿನಕ್ಕೆ ಮೂರು, 66 ಆಯಿತು. ಮಳೆ, ಮೀಟಿಂಗು, ನೆಂಟರು ಬಂದರು, ಮಗು ಮಲಗಿದೆ ಎಂದು ಒಂದಷ್ಟು ರದ್ದಾಗುತ್ತವೆ. 50 ಎಂದಿಟ್ಟುಕೋ. 1,200ರಂತೆ 60,000. ಎಣ್ಣೆ, ಹಾಸುಬಟ್ಟೆ, ಒಗೆತ, ಆಟೋ ಎಲ್ಲ ಸೇರಿ ಒಂದಕ್ಕೆ 150 ಎಂದರೆ 7,500 ಹೋಯಿತು. ಉಳಿದದ್ದು 52,500. ಒಂದೂವರೆ ಲಕ್ಷ ಎಲ್ಲಿ, ಇದೆಲ್ಲಿ? ಆದರೂ ಇದು ಒಳ್ಳೆಯ ದುಡಿಮೆಯೇ. ಇದು ಸಾಕಾಗುವುದಿಲ್ಲ ಎಂದರೆ ರೇಟು ಏರಿಸು. ಜನರ ಸಂಖ್ಯೆ ಏರಿಸಬೇಡ. ಈ ಪತ್ರದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೋ.

ರೇಟು ಹೇಳುವಾಗ ನಿನಗೆ ಗಂಟಲು ಕಟ್ಟುತ್ತದೆ, ನನಗೆ ಗೊತ್ತು. ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಇರುವವರೇ "ಬರೀ ಎಣ್ಣೆ ಹಚ್ಚೋದಕ್ಕೆ ಇಷ್ಟಾ?" ಎಂದು ಕೇಳುತ್ತಾರೆ. ಜಗಳ ಬೇಡ, ಕಡಿಮೆಯೂ ಮಾಡಬೇಡ. ಅವರಿಗೆ ಕಾಣುವುದು ಒಂದು ಗಂಟೆ. ಗೇಟಿನಲ್ಲಿ ಕಾಯುವುದು, ಸರ್ವೀಸ್ ಲಿಫ್ಟಿನಲ್ಲೇ ಬನ್ನಿ ಎನ್ನಿಸಿಕೊಳ್ಳುವುದು, ಮನೆಗೆ ಬಂದು ಎಣ್ಣೆ ಬಟ್ಟೆ ಬಿಸಿನೀರಿನಲ್ಲಿ ನೆನೆಸುವುದು ಅವರಿಗೆ ಕಾಣುವುದಿಲ್ಲ. ಅಂದಹಾಗೆ, ಎಣ್ಣೆ ಬಟ್ಟೆಗಳನ್ನು ಒಗೆಯದೆ ರಾಶಿ ಹಾಕಿ ಮುಚ್ಚಿಡಬೇಡ. ಡ್ರೈಯರ್‌ನಿಂದ ತೆಗೆದ ಬಿಸಿ ಟವೆಲ್ಲನ್ನು ಹಾಗೇ ಮಡಚಿ ಗುಡ್ಡೆ ಹಾಕಲೂಬೇಡ. ಎಣ್ಣೆ ಉಳಿದ ಬಟ್ಟೆ ಒಳಗೊಳಗೇ ಕಾದು ಬೆಂಕಿ ಹತ್ತಿಕೊಳ್ಳುವುದುಂಟು. ನಿನ್ನ ಪಿಜಿ ರೂಮಿನಲ್ಲಿ ಜಾಗ ಕಡಿಮೆ, ಅದಕ್ಕೇ ಹೇಳುತ್ತಿದ್ದೇನೆ.

ಇನ್ನು ಓಡಾಟ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಮಗೆ ಸಾಮಾನ್ಯ ಬಿಎಂಟಿಸಿ ಬಸ್ಸು ಫ್ರೀ. ಆದರೆ ಟಿಕೆಟ್ ಫ್ರೀ ಆದರೂ ಹೊತ್ತು ಫ್ರೀ ಅಲ್ಲ. ಇಂದಿರಾನಗರದಿಂದ ಬನ್ನೇರುಘಟ್ಟ ರಸ್ತೆಗೆ ಸಂಜೆ ಆರಕ್ಕೆ ಬುಕ್ಕಿಂಗ್ ತೆಗೆದುಕೊಂಡರೆ ಆ ದಿನ ಅಲ್ಲಿಗೇ ಮುಗಿಯಿತು. ನೀನಿರುವುದು ನೇರಳೆ ಮೆಟ್ರೋ ಮಾರ್ಗದಲ್ಲಿ. ಬೈಯಪ್ಪನಹಳ್ಳಿಯಿಂದ ವೈಟ್‌ಫೀಲ್ಡ್ ತನಕ ಸ್ಟೇಷನ್ನಿಗೆ ಹತ್ತಿರವಿರುವ ಅಪಾರ್ಟ್‌ಮೆಂಟುಗಳನ್ನೇ ಹಿಡಿ. ವಾರದ ಇಂಥ ದಿನ ಇಂಥ ಕಡೆ ಎಂದು ಗೊತ್ತು ಮಾಡಿಕೋ. ದೂರದವರು ಕರೆದರೆ "ಆ ಕಡೆ ಬರುವುದಿಲ್ಲ" ಎಂದು ಹೇಳಲು ಕಲಿ.

ಮಡಚುವ ಟೇಬಲ್ ಹನ್ನೆರಡು, ಹದಿನೈದು ಕಿಲೋ ತೂಗುತ್ತದೆ. ಅದನ್ನು ಹೊತ್ತುಕೊಂಡು ಮೆಟ್ಟಿಲು ಹತ್ತಿ ಹೋದರೆ ಮಸಾಜ್ ಶುರುವಾಗುವ ಮೊದಲೇ ನಿನ್ನ ಭುಜ ಸೋತಿರುತ್ತದೆ. ನೆಲದ ಮೇಲೆ ಚಾಪೆ ಹಾಕಿ ಮಾಡಿದರೆ ಮಂಡಿ ಹೋಗುತ್ತದೆ. ಒಂದೇ ಅಪಾರ್ಟ್‌ಮೆಂಟಿನಲ್ಲಿ ಮೂರು ನಾಲ್ಕು ಮನೆ ಖಾಯಂ ಆದರೆ ಅವರಲ್ಲಿ ಯಾರದಾದರೂ ಮನೆಯ ಯುಟಿಲಿಟಿಯಲ್ಲಿ ಟೇಬಲ್ ಇಡಲು ಕೇಳು. ಒಪ್ಪುವವರು ಸಿಗುತ್ತಾರೆ.

ಪಂಚಕರ್ಮ ಕೇಂದ್ರದಲ್ಲಿ ಡಾಕ್ಟರ್ ಚೀಟಿ ಬರೆಯುತ್ತಿದ್ದರು. ಯಾವ ತೈಲ, ಎಷ್ಟು ಹೊತ್ತು, ಯಾವ ಭಾಗ ಮುಟ್ಟಬಾರದು, ಎಲ್ಲ ಅದರಲ್ಲಿ ಇರುತ್ತಿತ್ತು. ಮನೆಗೆ ಹೋದಾಗ ಆ ಚೀಟಿ ಇರುವುದಿಲ್ಲ. ನೀನೇ ಕೇಳಬೇಕು, ಬರೆದಿಟ್ಟುಕೊಳ್ಳಬೇಕು. ಬಿಪಿ, ಸಕ್ಕರೆ, ಆಪರೇಷನ್, ಗರ್ಭಿಣಿಯೇ, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಾರೆಯೇ, ಯಾವ ಎಣ್ಣೆ ಆಗುವುದಿಲ್ಲ. ಜ್ವರ ಇದ್ದರೆ ವಾಪಸು ಬಾ. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ಕೈ ಹಾಕಲೇಬೇಡ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ನೀವಿದಾಗ ಅದು ಕದಲಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಬಾಣಂತಿಯರಲ್ಲಿ, ದೂರದ ವಿಮಾನ ಪ್ರಯಾಣ ಮಾಡಿ ಬಂದವರಲ್ಲಿ ಇದರ ಸಾಧ್ಯತೆ ಜಾಸ್ತಿ. ಆಗಲೇ ಆಸ್ಪತ್ರೆಗೆ ಹೋಗಿ ಎಂದು ಹೇಳು, ದುಡ್ಡು ಕೇಳಬೇಡ. ಸಕ್ಕರೆ ಕಾಯಿಲೆ ಇರುವವರಿಗೆ ಪಾದದಲ್ಲಿ ಬಿಸಿ ಗೊತ್ತಾಗದೆ ಇರಬಹುದು, ಎಣ್ಣೆಯನ್ನು ನಿನ್ನ ಮಣಿಕಟ್ಟಿನ ಮೇಲೆ ಹಾಕಿ ನೋಡು.

ಸಿಸೇರಿಯನ್ ಆದವರ ಹೊಟ್ಟೆಯನ್ನು ಡಾಕ್ಟರ್ ಹೇಳುವ ತನಕ ಮುಟ್ಟಬೇಡ. ಮಗುವಿನ ಮೂಗಿಗೆ, ಕಿವಿಗೆ ಎಣ್ಣೆ ಬಿಡಬೇಡ. ಅಜ್ಜಿಯರು ಪಕ್ಕದಲ್ಲೇ ನಿಂತು "ಎರಡು ಹನಿ ಬಿಡಮ್ಮ, ನಮ್ಮ ಕಾಲದಲ್ಲಿ ಎಲ್ಲ ಮಾಡ್ತಿದ್ವಿ" ಅನ್ನುತ್ತಾರೆ. ಎದುರು ಮಾತಾಡದೆ, "ಮಕ್ಕಳ ಡಾಕ್ಟರನ್ನು ಒಂದು ಮಾತು ಕೇಳಿಬಿಡೋಣ ಅಜ್ಜಿ" ಎಂದುಬಿಡು. ಡಿಸ್ಕ್ ಸರಿ ಮಾಡುತ್ತೇನೆ, ಮಂಡಿ ನೋವು ಓಡಿಸುತ್ತೇನೆ ಎಂದು ಯಾರಿಗೂ ಮಾತು ಕೊಡಬೇಡ. ಹಾಯೆನಿಸುತ್ತದೆ, ಬಿಗಿತ ಸಡಿಲವಾಗುತ್ತದೆ, ಚೆನ್ನಾಗಿ ನಿದ್ದೆ ಬರುತ್ತದೆ. ಇಷ್ಟು ಹೇಳಿದರೆ ಸಾಕು, ಇದೇನು ಸಣ್ಣ ವಿಷಯವಲ್ಲ.

ಈಗ ಬರೆಯಲು ಕಷ್ಟವಾಗುವ ವಿಷಯ. ನರ್ಸುಗಳಿಗೆ, ಡಾಕ್ಟರುಗಳಿಗೆ ಕೌನ್ಸಿಲ್ ನೋಂದಣಿ ಇದೆ. ನಮಗೆ ಹಾಗೆ ತೋರಿಸಲು ಒಂದು ನೋಂದಣಿ ಸಂಖ್ಯೆ ಇಲ್ಲ. ಕೋರ್ಸ್ ಮಾಡಿದ ಸರ್ಟಿಫಿಕೇಟ್ ಇದೆ, ಅಷ್ಟೇ. ಯಾರು ಬೇಕಾದರೂ ಮಸಾಜ್ ಎಂದು ಬೋರ್ಡ್ ಹಾಕಬಹುದು. ಯಾವುದೋ ಒಂದು ಸ್ಪಾ ಮೇಲೆ ಪೊಲೀಸ್ ದಾಳಿಯಾಯಿತು ಎಂದು ಪೇಪರಿನಲ್ಲಿ ಬಂದರೆ ಮೈಮುರಿದು ದುಡಿಯುವ ಎಲ್ಲ ಹುಡುಗಿಯರನ್ನೂ ಜನ ಒಂದೇ ಕಣ್ಣಿನಲ್ಲಿ ನೋಡುತ್ತಾರೆ. ಮನೆ ಬಾಡಿಗೆಗೆ ಕೇಳಿದಾಗ ನಿನಗೂ ಇದು ಗೊತ್ತಾಗಿದೆ ಅಲ್ವಾ? ಮಗಳು ಏನು ಕೆಲಸ ಮಾಡುತ್ತಾಳೆ ಎಂದು ನೆಂಟರು ಕೇಳಿದರೆ ಮಸಾಜ್ ಮಾಡುತ್ತಾಳೆ ಎಂದೇ ನಾನು ಹೇಳುತ್ತೇನೆ. ದನಿ ತಗ್ಗಿಸುವುದಿಲ್ಲ. ನೋವಿರುವ ಮೈಯನ್ನು ಮುಟ್ಟಿ ಹಗುರ ಮಾಡುವ ಕೆಲಸ ನಮ್ಮದು, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಆದರೆ ಜೋಪಾನ. ಹೆಂಗಸರಿಗೆ, ಮಕ್ಕಳಿಗೆ ಮಾತ್ರ ಎಂದು ಶುರು ಮಾಡು. ಗಂಡಸರೆಲ್ಲ ಕೆಟ್ಟವರು ಎಂದಲ್ಲ. ಆಯುರ್ವೇದ ಕೇಂದ್ರಗಳಲ್ಲಿ ಹೆಂಗಸರಿಗೆ ಹೆಂಗಸರು, ಗಂಡಸರಿಗೆ ಗಂಡಸರು ಎಂಬ ಪದ್ಧತಿ ಮೊದಲಿನಿಂದ ಇದೆ. ಜೊತೆಗೆ, ಸ್ಪಾದಲ್ಲಿ ಪಕ್ಕದ ರೂಮಿನಲ್ಲಿ ಜನ ಇರುತ್ತಾರೆ, ಬೇರೆಯವರ ಮನೆಯಲ್ಲಿ ನೀನೊಬ್ಬಳೇ. ವಾಟ್ಸಾಪ್ ಬಿಸಿನೆಸ್‌ನಲ್ಲಿ ನಿನ್ನ ಫೋಟೋ ಹಾಕಬೇಡ. ಯಾರಿಗೆ, ಯಾವ ಹೊತ್ತಿಗೆ, ಎಷ್ಟು ರೇಟು, ಸ್ಪಷ್ಟವಾಗಿ ಬರೆ. ರಾತ್ರಿ ಹತ್ತರ ಮೇಲೆ "ಎಕ್ಸ್‌ಟ್ರಾ ಏನಾದರೂ ಇದೆಯಾ?" ಎಂದು ಮೆಸೇಜ್ ಬಂದೇ ಬರುತ್ತದೆ. ಉತ್ತರ ಕೊಡದೆ ಬ್ಲಾಕ್ ಮಾಡು, ಆದರೆ ಸ್ಕ್ರೀನ್‌ಶಾಟ್ ಇಟ್ಟುಕೋ. ಹೊಸ ಮನೆಗೆ ಹೋಗುವ ಮೊದಲು ಲೊಕೇಶನ್ ನನಗೆ ಕಳಿಸು. ಒಳಗೆ ಹೋದಾಗ ಏನೋ ಸರಿಯಿಲ್ಲ ಅನ್ನಿಸಿದರೆ ಕಾರಣ ಹುಡುಕುತ್ತಾ ನಿಲ್ಲಬೇಡ. ಚೀಲ ಎತ್ತಿಕೊಂಡು ಹೊರಗೆ ಬಾ, ಬೇಕಾದರೆ 112ಕ್ಕೆ ಫೋನ್ ಮಾಡು. ಎಣ್ಣೆ ಬಾಟಲಿ ಅಲ್ಲೇ ಉಳಿದರೆ ಉಳಿಯಲಿ.

ಮಸಾಜ್ ಮಾಡುವವರನ್ನು ಮನೆಗೆ ಕಳಿಸುವ ಆ್ಯಪ್ ಸೇರಲೇ ಎಂದು ನೀನು ಕೇಳಿದ್ದೆ. ಗ್ರಾಹಕರು ಬೇಗ ಸಿಗುತ್ತಾರೆ, ಕಮಿಷನ್ ಹೋಗುತ್ತದೆ, ರೇಟಿಂಗ್ ಕಾಟ ಇದ್ದದ್ದೇ. 2025ರಲ್ಲಿ ನಮ್ಮ ರಾಜ್ಯದಲ್ಲಿ ಗಿಗ್ ಕೆಲಸಗಾರರ, ಅಂದರೆ ಹೀಗೆ ಆ್ಯಪ್ ಮೂಲಕ ದುಡಿಯುವವರ ಕಾಯ್ದೆ ಬಂದಿದೆ. ಕೆಲಸದಿಂದ ತೆಗೆಯುವ ಮುಂಚೆ ಕಾರಣ ಬರೆದು 14 ದಿನದ ನೋಟಿಸ್ ಕೊಡಬೇಕು ಎಂದು ಅದರಲ್ಲಿದೆ. ಮೊದಲ ಕೆಲವು ತಿಂಗಳು ಆ್ಯಪ್, ಜೊತೆಗೆ ನಿನ್ನದೇ ಕೆಲವು ಮನೆ, ಹೀಗೆ ಮಾಡಿದರೆ ಒಳ್ಳೆಯದು ಅನ್ನಿಸುತ್ತದೆ.

ದುಡ್ಡಿನ ವಿಷಯ ಬೇಗ ಹೇಳಿಬಿಡುತ್ತೇನೆ. ಸ್ಪಾ ಬಿಟ್ಟರೆ ನಿನ್ನ ಇಎಸ್‌ಐ ಹೋಗುತ್ತದೆ, ಪಿಎಫ್ ನಿಲ್ಲುತ್ತದೆ. ಕೆಲಸ ಬಿಡುವ ಮೊದಲೇ ಒಂದು ಆರೋಗ್ಯ ವಿಮೆ ಮಾಡಿಸು. ವರ್ಷಕ್ಕೆ 20 ರೂಪಾಯಿ ಕಟ್ಟುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಅಪಘಾತಕ್ಕೆ ಮಾತ್ರ, ಅದೂ ಇರಲಿ. ಸಣ್ಣ ಉದ್ಯಮ ಎಂದು ಸರ್ಕಾರದಲ್ಲಿ ಮಾಡಿಸುವ ಉದ್ಯಮ್ ನೋಂದಣಿ ಪುಕ್ಕಟೆ, ಆನ್‌ಲೈನಿನಲ್ಲೇ ಆಗುತ್ತದೆ, ಏಜೆಂಟಿಗೆ ದುಡ್ಡು ಕೊಡಬೇಡ. ವರ್ಷದ ವಹಿವಾಟು 20 ಲಕ್ಷ ದಾಟುವ ತನಕ ಜಿಎಸ್‌ಟಿ ಚಿಂತೆ ಇಲ್ಲ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಾಗ ಎಷ್ಟೋ ಅಂಗಡಿಯವರು ಕ್ಯೂಆರ್ ಕೋಡ್ ಕಿತ್ತುಹಾಕಿದ್ದನ್ನು ನೀನೂ ನೋಡಿದ್ದೀಯ. ಹೆದರುವುದು ಬೇಡ. ಈ ಕೆಲಸಕ್ಕೇ ಬೇರೆ ಬ್ಯಾಂಕ್ ಖಾತೆ ಮಾಡು, ಸ್ನೇಹಿತರು ಕಳಿಸುವ ದುಡ್ಡು ಅದರಲ್ಲಿ ಬೆರೆಯದಿರಲಿ.

ಹತ್ತು ಸಲದ ಪ್ಯಾಕೇಜ್ ಎಂದು ಒಟ್ಟಿಗೆ ದುಡ್ಡು ತೆಗೆದುಕೊಂಡರೆ ಅದು ಇನ್ನೂ ನಿನ್ನ ದುಡ್ಡಲ್ಲ. ಒಂದೊಂದು ಸಲ ಮಾಡಿದಂತೆ ಒಂದೊಂದು ಭಾಗ ನಿನ್ನದು. ಕೈ ಉಳುಕಿ ತಿಂಗಳು ಮಲಗಿದರೆ ವಾಪಸು ಕೊಡಲು ಅದು ಖಾತೆಯಲ್ಲಿ ಇರಬೇಕು.

ಇನ್ನೊಂದು. ಸ್ಪಾದ ಗ್ರಾಹಕರ ನಂಬರುಗಳನ್ನು ಬರೆದುಕೊಂಡು ಬರಬೇಡ. ಅವರಾಗಿಯೇ ಹುಡುಕಿಕೊಂಡು ಬಂದರೆ ಆ ಮಾತು ಬೇರೆ. ಅಲ್ಲಿ ನಿನ್ನ ಸರ್ಟಿಫಿಕೇಟಿನ ಒರಿಜಿನಲ್ ಇಟ್ಟುಕೊಂಡಿದ್ದಾರೆ ಎಂದಿದ್ದೆ. ಬ್ಯಾಂಕಿಗೆ ತೋರಿಸಬೇಕು ಎಂದು ಕೇಳಿ ಮೊದಲು ಅದನ್ನು ಕೈಗೆ ತೆಗೆದುಕೋ. ಬ್ಯಾಂಕ್ ಖಾತೆ ಮಾಡಿಸುವುದು ಹೇಗೂ ಇದೆ, ಸುಳ್ಳೇನೂ ಆಗುವುದಿಲ್ಲ. ಸೇರುವಾಗ ಸಹಿ ಹಾಕಿದ ಕಾಗದದಲ್ಲಿ ಬಾಂಡ್ ಎಂದು, ಅಂದರೆ ಇಷ್ಟು ಕಾಲ ಕೆಲಸ ಬಿಡುವಂತಿಲ್ಲ ಎಂದು, ಏನಾದರೂ ಇದೆಯೇ ನೋಡು. ಅದರ ಫೋಟೋ ನನಗೆ ಕಳಿಸು, ಪಕ್ಕದ ಬೀದಿಯ ವಕೀಲರಿಗೆ ತೋರಿಸುತ್ತೇನೆ. ಅವರು ನೋಡಿ ಹೇಳಿದ ಮೇಲೆ ನೋಟಿಸ್ ಕೊಡು, ಅಲ್ಲಿಯವರೆಗೆ ಸ್ಪಾದಲ್ಲಿ ಯಾರಿಗೂ ಈ ವಿಷಯ ಹೇಳಬೇಡ.

ನಿನ್ನ
ಅಮ್ಮ