ವೈವಾ ಮುಗೀತು, ಅಣ್ಣ

ಸೋಮವಾರ ಪಿಎಚ್‌ಡಿ ವೈವಾ ಮುಗಿಯಿತು. ಗೈಡ್ ಮೇಡಂ, ಲ್ಯಾಬಿನ ಗೆಳೆಯರು, ಮಲ್ಲೇಶ್ವರದ ಪೀಜಿ ಆಂಟಿ, ಫೋನಿನಲ್ಲಿ ನನ್ನ ಅಳು ಕೇಳಿಸಿಕೊಂಡ ಅಕ್ಕ, ಎಲ್ಲರಿಗೂ ವಂದನೆ. ಒಂದೇ ಸಾಲಿಗೆ ತುರುಕಿದೆ ಅಂತ ಬೈಕೋಬೇಡಿ, ಉಳಿದ ಜಾಗ ನಮ್ಮ ಟೆಕ್ನಿಷಿಯನ್ ಅಣ್ಣನಿಗೆ ಬೇಕು. ಹೆಸರು ಹಾಕಿದರೆ ಮಾತು ಬಿಡುತ್ತಾರಂತೆ.

ನಾನೇನು ಮಾಡುತ್ತಿದ್ದೆನೆಂದು ನೆಂಟರಿಗೆ ಇವತ್ತಿಗೂ ಗೊತ್ತಿಲ್ಲ. ಮಾಮೂಲಿ ಬಿಸಿಯಲ್ಲಿ ಗಳಿಗೆಯೂ ನಿಲ್ಲದ ಅಣುಜೋಡಿಗಳನ್ನು ಹಿಡಿಯುವ ಕೆಲಸ. ಸಾವಿರ ಪಾಲು ಆರ್ಗಾನ್ ಅನಿಲಕ್ಕೆ ನಮ್ಮ ಅಣು ಒಂದು ಪಾಲು ಬೆರೆಸಿ, ನಿರ್ವಾತದಲ್ಲಿ 12 ಕೆಲ್ವಿನ್‌ಗೆ, ಅಂದರೆ ಸೊನ್ನೆಗಿಂತ 261 ಡಿಗ್ರಿ ಕೆಳಗೆ, ತಣಿಸಿದ ಕಿಟಕಿಯ (ಬೆಳಕು ಹಾಯುವ ಪುಟ್ಟ ಬಿಲ್ಲೆ) ಮೇಲೆ ಹೆಪ್ಪುಗಟ್ಟಿಸಿ ಇನ್‌ಫ್ರಾರೆಡ್ ಬೆಳಕು ಹಾಯಿಸಿ, ಅಣುಗಳು ಯಾವ ಬೆಳಕನ್ನು ಹೀರಿದವೆಂಬ ಗೆರೆಚಿತ್ರ, ಅಂದರೆ ಸ್ಪೆಕ್ಟ್ರಂ, ತೆಗೆಯುತ್ತೇವೆ. 1954ರಲ್ಲಿ ಬರ್ಕ್ಲಿಯ ಜಾರ್ಜ್ ಪಿಮೆಂಟೆಲ್ ತಂಡ ಹಾಕಿಕೊಟ್ಟ ದಾರಿ. ಆಮೇಲೆ 30 ಕೆಲ್ವಿನ್ ಆಸುಪಾಸಿಗೆ ಹದವಾಗಿ ಬೆಚ್ಚಗೆ ಮಾಡಿದರೆ ಅಣುಗಳು ಸರಿದಾಡಿ ಜೋಡಿಯಾಗುತ್ತವೆ. ಹದ ತಪ್ಪಿತೋ, ಆರ್ಗಾನೇ ಹಾರಿಹೋಗಿ ಇಡೀ ದಿನದ ಕೆಲಸ ಪಂಪಿನ ಪಾಲು.

ಅಪ್ಪ ಐಸಿಯು ಸೇರಿದ ಆ ರಾತ್ರಿ ನಿಮಗೆಲ್ಲ ಗೊತ್ತಿರುವುದೇ. ಫೋನ್ ಬಂದಾಗ ಕಿಟಕಿಯ ಮೇಲೆ ಆರ್ಗಾನ್ ಇನ್ನೂ ಅರ್ಧ ಕೂತಿತ್ತು. ಎಲ್ಲ ಆಫ್ ಮಾಡಲು ಹೋದವಳನ್ನು ಅಣ್ಣ ತಡೆದರು. "ನೀನು ಹೊರಡಮ್ಮ, ಇದನ್ನ ನಾನು ನೋಡ್ಕೋತೀನಿ." ಆಟೋ ಹತ್ತಿಸಿ, ವಾಪಸ್ ಹೋಗಿ, ಕಂಪ್ರೆಸರ್ ಸದ್ದಿನಲ್ಲಿ ಬೆಳಗಿನವರೆಗೆ ಕೂತರು. ಡಿಟೆಕ್ಟರಿಗೆ ಲಿಕ್ವಿಡ್ ನೈಟ್ರೋಜನ್ ತುಂಬಿದ್ದು, ಬೆಚ್ಚಗೆ ಮಾಡಿ ಮತ್ತೆ ತಣಿಸಿದ್ದು, ಸ್ಪೆಕ್ಟ್ರಂ ತೆಗೆದದ್ದು ಎಲ್ಲ ಅವರೇ. ಇವರು ಓದಿದ್ದು ಐಟಿಐ. ಆ ಹದ ನನಗಿಂತ ಅವರ ಕೈಗೇ ಚೆನ್ನಾಗಿ ಗೊತ್ತು.

ನಸುಕಿನಲ್ಲಿ ಫೋಟೋ ಬಂತು. ಸ್ಪೆಕ್ಟ್ರಂನಲ್ಲಿ ಓಎಚ್ (ಆಕ್ಸಿಜನ್-ಹೈಡ್ರೋಜನ್ ಬಂಧ) ಪೀಕಿನ ಪಕ್ಕ, ಕಡಿಮೆ ವೇವ್‌ನಂಬರಿನ (ಕಡಿಮೆ ಶಕ್ತಿಯ) ಕಡೆ, ಮೊದಲಿಲ್ಲದ ಒಂದು ಪೀಕ್, ಅಣುಗಳು ಜೋಡಿಯಾದ ಗುರುತು. "ಇದೇನಾ ನೀನು ಹುಡುಕ್ತಿದ್ದುದು? ಅಪ್ಪ ಹೇಗಿದಾರೆ?"

ಐಸಿಯು ಹೊರಗಿನ ಬೆಂಚಿನ ಮೇಲೆ ಕೂತು ನಾನು ನಕ್ಕೆ. ಖುಷಿಯಾಗಿತ್ತು. ಒಳಗೆ ಅಪ್ಪ ಹಾಗೆ ಮಲಗಿರುವಾಗ ಖುಷಿಯಾಗಿತ್ತು! ಎಂಥ ಮಗಳು ನಾನು ಅಂತ ಅಪ್ಪ ಹೋದ ಮೇಲೆ ಎಷ್ಟೋ ಸಲ ನಿದ್ದೆಗೆಟ್ಟಿದ್ದೇನೆ. ಅಣ್ಣನ ಹತ್ತಿರ ಮಾತ್ರ ಹೇಳಿಕೊಂಡೆ. ಅವರು ಸಮಾಧಾನದ ಮಾತೇನೂ ಆಡಲಿಲ್ಲ. ಕಾಫಿ ತರಿಸಿ, ಅಪ್ಪನ ಊರು, ತೋಟ, ಬೆಳೆ ಅಂತ ಬಹಳ ಹೊತ್ತು ಕೇಳುತ್ತ ಕೂತರು.

ಮುಂದೆ, ಆ ಗುರುತು ಖಾತ್ರಿ ಮಾಡಿಕೊಳ್ಳಲು, ಹೈಡ್ರೋಜನ್ ಬದಲು ಡ್ಯೂಟೀರಿಯಂ, ಅಂದರೆ ಭಾರದ ಹೈಡ್ರೋಜನ್, ಹಾಕಿ ನೋಡಿದೆವು. ಪೀಕ್ ಲೆಕ್ಕ ಹಾಕಿದ್ದಲ್ಲಿಗೇ ಇಳಿಯಿತು. ವೈವಾದಲ್ಲಿ ಪರೀಕ್ಷಕರು ಅದೇ ಚಿತ್ರದ ಮೇಲೆ ಪ್ರಶ್ನೆ ಕೇಳುತ್ತಿದ್ದಾಗ ಹಿಂದಿನ ಸಾಲಿನಲ್ಲಿ ಅಣ್ಣ ತೂಕಡಿಸುತ್ತಿದ್ದರು.

ಥೀಸಿಸ್‌ನಲ್ಲಿ ಅವರಿಗೆ ಸಿಕ್ಕಿದ್ದು "ತಾಂತ್ರಿಕ ನೆರವು" ಅನ್ನುವ ಎರಡು ಪದ. ನನಗದು ಸಾಲಲಿಲ್ಲ.

ಭಾನುವಾರ ಮಧ್ಯಾಹ್ನ ಅಕ್ಕನ ಮನೆಯಲ್ಲಿ ಹೋಳಿಗೆ ಊಟ, ಎಲ್ಲರೂ ಬನ್ನಿ. ಅಣ್ಣ, ಅತ್ತಿಗೆಯನ್ನೂ ಮಕ್ಕಳನ್ನೂ ಕರ್ಕೊಂಡೇ ಬರಬೇಕು. ಲ್ಯಾಬಲ್ಲಿ ಕೆಲಸ ಇದೆ ಅಂದರೆ ನಾನು ಕೇಳಲ್ಲ.