ಸ್ಯಾನ್ ಹೋಸೆಯ ಇನ್ನೊಂದು ಫುಟ್‌ಬಾಲ್

ಗೆಳೆಯರೇ,

ನಮ್ಮ ಬೇ ಏರಿಯಾದಲ್ಲಿ, ಅಂದರೆ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ, ಫುಟ್‌ಬಾಲ್ (ಚೆಂಡು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್) ಅಂದ ಕೂಡಲೇ ಮಾತು ಸಾಂಟಾ ಕ್ಲಾರಾದ ಲೀವೈಸ್ ಸ್ಟೇಡಿಯಂ ಕಡೆಗೇ ಹೋಗುತ್ತದೆ. ಅಲ್ಲಿ ಆಡುವ ನೈನರ್ಸ್ ತಂಡ ಗೆದ್ದ ವಾರ ಆಫೀಸಿನಲ್ಲಿ, ಮಕ್ಕಳ ಶಾಲೆಯಲ್ಲಿ, ನಮ್ಮ ವಾಟ್ಸಾಪ್ ಗುಂಪಿನಲ್ಲಿ ಎಲ್ಲ ಕಡೆ ಅದೇ ಮಾತು. ಆದರೆ 2023ರ ಆಗಸ್ಟ್ 5ರಂದು ನಮ್ಮ ಕಡೆಯ ಇನ್ನೊಂದು ತಂಡ ಒಂದು ಲೀಗ್ ಗೆದ್ದಿತು. ನಮ್ಮ ಜನರಲ್ಲಿ ಅದರ ಸದ್ದೇ ಇರಲಿಲ್ಲ. ಅದು ನನಗೆ ಇವತ್ತಿಗೂ ಬೇಸರದ ವಿಷಯ.

ಬೇ ಏರಿಯಾ ಪ್ಯಾಂಥರ್ಸ್ ಆ ತಂಡ. ಆಡುವುದು ಇಂಡೋರ್ ಫುಟ್‌ಬಾಲ್ ಲೀಗ್‌ನಲ್ಲಿ, ಅಂದರೆ ಬಯಲಲ್ಲಿ ಅಲ್ಲ, ಹಾಲ್‌ನೊಳಗೆ. ಮಾಲೀಕರಲ್ಲಿ ಒಬ್ಬರು ಓಕ್ಲೆಂಡ್‌ನವರೇ ಆದ, ಹಿಂದೆ ದೊಡ್ಡ ಫುಟ್‌ಬಾಲ್ ಲೀಗ್‌ನಲ್ಲಿ ಆಡಿದ್ದ ಮಾರ್ಷಾನ್ ಲಿಂಚ್. 2022ರಲ್ಲಿ ಸ್ಯಾನ್ ಹೋಸೆಯ ಎಸ್‌ಎಪಿ ಸೆಂಟರ್‌ನಲ್ಲಿ ಮೊದಲ ಸೀಸನ್ ಆಡಿದಾಗ ಹದಿನಾರು ಪಂದ್ಯಗಳಲ್ಲಿ ಗೆದ್ದದ್ದು ಒಂದೇ ಒಂದು. ಅಲ್ಲಿಗೆ ಕಥೆ ಮುಗಿಯಿತು ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ಮುಂದಿನ ವರ್ಷ ರಾಬ್ ಕೀಫ್ ಕೋಚ್ ಆದರು. ಅದೇ ತಂಡ ಫೈನಲ್‌ಗೆ ಹೋಗಿ, ಲಾಸ್ ವೇಗಸ್ ಪಕ್ಕದ ಹೆಂಡರ್‌ಸನ್‌ನಲ್ಲಿ ಸೂ ಫಾಲ್ಸ್ ಸ್ಟಾರ್ಮ್ ತಂಡವನ್ನು 51-41ರಿಂದ ಸೋಲಿಸಿತು. ಸೂ ಫಾಲ್ಸ್ ಅಂದರೆ ಈ ಲೀಗನ್ನು ಎಷ್ಟೋ ಸಲ ಗೆದ್ದ ಊರು, ಅವರ ಮುಂದೆ ಗೆಲ್ಲುವುದು ಸುಮ್ನೆ ಮಾತಲ್ಲ.

ಇದನ್ನು ಈಗ ಯಾಕೆ ಎತ್ತುತ್ತಿದ್ದೇನೆ ಅಂದರೆ, ಇದೇ ಊರು ಹಿಂದೆ ಒಂದು ಒಳ್ಳೆಯ ತಂಡವನ್ನು ಕಳೆದುಕೊಂಡಿದೆ. ಸೇಬರ್‌ಕ್ಯಾಟ್ಸ್ ಹೆಸರು ಇಲ್ಲಿಗೆ ಬಂದು ಬಹಳ ವರ್ಷವಾದವರಿಗೆ ನೆನಪಿರಬಹುದು. ಇದೇ ಥರ ಹಾಲ್‌ನೊಳಗೆ ಆಡುತ್ತಿದ್ದ ಅರೀನಾ ಫುಟ್‌ಬಾಲ್ ಲೀಗ್‌ನಲ್ಲಿ 2002, 2004, 2007ರಲ್ಲಿ ಚಾಂಪಿಯನ್. 2008ರ ಫೈನಲ್‌ನಲ್ಲಿ ಫಿಲಡೆಲ್ಫಿಯಾ ಎದುರು 59-56, ಬರೀ ಮೂರು ಅಂಕದಿಂದ ಸೋತರು. ಮರುವರ್ಷ ಲೀಗೇ ನಿಂತು ಹೋಯಿತು, ದಿವಾಳಿಗೂ ಹೋಯಿತು. 2011ರಲ್ಲಿ ತಂಡ ಮರಳಿ ಬಂತು. 2015ರಲ್ಲಿ ಹದಿನೆಂಟು ಪಂದ್ಯಗಳಲ್ಲಿ ಹದಿನೇಳು ಗೆದ್ದು, ಸ್ಟಾಕ್‌ಟನ್‌ನಲ್ಲಿ ನಡೆದ ಫೈನಲ್ಲನ್ನೂ ಗೆದ್ದಿತು. ಅದಕ್ಕಿಂತ ಚೆನ್ನಾಗಿ ಆಡಲು ಹೇಗೆ ಸಾಧ್ಯ? ಆದರೂ ಮುಂದಿನ ಸೀಸನ್ ಬರುವ ಮೊದಲೇ ತಂಡ ಮುಚ್ಚಿತು. ಲೀಗ್ ಕೂಡ ಕರಗುತ್ತಾ ಹೋಯಿತು: 2018ರಲ್ಲಿ ಉಳಿದದ್ದು ನಾಲ್ಕೇ ತಂಡ, 2019 ಮುಗಿಯುವಷ್ಟರಲ್ಲಿ ಅದೂ ಇಲ್ಲ.

ಟಿವಿಯ ದೊಡ್ಡ ದುಡ್ಡು ಬರುವ ಲೀಗ್‌ಗಳಿಗೆ ಖಾಲಿ ಕುರ್ಚಿ ದೊಡ್ಡ ವಿಷಯವಲ್ಲ. ಇಂಥ ಲೀಗ್‌ಗಳಿಗೆ ಟಿಕೆಟ್ಟೇ ಜೀವ. ಗೆಲುವು ಹಾಲ್‌ನ ಬಾಡಿಗೆ ಕಟ್ಟುವುದಿಲ್ಲ. ಆಟಗಾರರಿಗೆ ಸಿಗುವ ಹಣವೂ ಕಡಿಮೆ, ಎಷ್ಟೋ ಮಂದಿ ಬೇರೆ ಕೆಲಸ ಮಾಡಿಕೊಂಡು ಆಡುತ್ತಾರೆ. ಕರ್ಟ್ ವಾರ್ನರ್ ಅಯೋವಾದಲ್ಲಿ ಸೂಪರ್‌ಮಾರ್ಕೆಟ್‌ನಲ್ಲಿ ಸಾಮಾನು ಜೋಡಿಸುತ್ತಿದ್ದವರು, ಆಮೇಲೆ ಅಲ್ಲಿನ ಅರೀನಾ ತಂಡದಲ್ಲಿ ಆಡಿ, ಮುಂದೆ ದೊಡ್ಡ ಫುಟ್‌ಬಾಲ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದರು. ಅವರ ಹೆಸರು ನಮಗೆ ಗೊತ್ತು. ಅಷ್ಟೇ ಕಷ್ಟಪಟ್ಟು ಅಲ್ಲೇ ಉಳಿದವರ ಹೆಸರು ಯಾರಿಗೂ ಗೊತ್ತಿಲ್ಲ, ನಾನು ಹೋಗಿ ಚಪ್ಪಾಳೆ ತಟ್ಟಲು ಬಯಸುವುದು ಅವರಿಗಾಗಿ.

ಆಟವೂ ಮಜವಾಗಿದೆ. ಕಬಡ್ಡಿ ನೋಡಿ ಬೆಳೆದ ನಮಗೆ ಇದು ದೊಡ್ಡ ಫುಟ್‌ಬಾಲ್‌ಗಿಂತ ಹತ್ತಿರ ಅನ್ನಿಸುತ್ತದೆ: ಸಣ್ಣ ಜಾಗ, ಮೈಗೆ ಮೈ ತಾಗುವ ಆಟ, ಉಸಿರು ಬಿಡಲು ಪುರುಸೊತ್ತಿಲ್ಲ. ಅಂಕಣದ ಉದ್ದ 50 ಯಾರ್ಡ್, ಅಂದರೆ ಮಾಮೂಲಿನ ಅರ್ಧ. ಒಂದೊಂದು ಕಡೆ ಎಂಟು ಜನ. ಸುತ್ತ ಐಸ್-ಹಾಕಿ ಆಟದ ಅಂಕಣಕ್ಕಿರುವಂಥ ಗೋಡೆ, ಅದಕ್ಕೆ ಮೆತ್ತೆ ಹೊದಿಸಿರುತ್ತಾರೆ. ಓಡಿ ಬಂದವನು ಆ ಗೋಡೆಗೆ ಬಡಿದಾಗ ಮುಂದಿನ ಸಾಲಿನವರಿಗೆ ಅದರ ಪೆಟ್ಟು ಕೇಳಿಸುತ್ತದೆ. ಒಂದು ಪಂದ್ಯದಲ್ಲಿ ಎರಡೂ ತಂಡಗಳು ನಲವತ್ತು ಐವತ್ತು ಅಂಕ ಗಳಿಸುವುದು ಇಲ್ಲಿ ಮಾಮೂಲು, ಹಾಗಾಗಿ ಮಕ್ಕಳಿಗೆ ಬೇಜಾರಾಗುವ ಪ್ರಶ್ನೆಯೇ ಇಲ್ಲ.

ಸೀಸನ್ ವಸಂತದಲ್ಲಿ ಶುರುವಾಗಿ ಬೇಸಿಗೆ ರಜೆಯವರೆಗೂ ನಡೆಯುತ್ತದೆ. ಈ ಸಲ ನಮ್ಮ ಕನ್ನಡ ಕೂಟದಿಂದ ಒಂದು ಪಂದ್ಯಕ್ಕೆ ಒಟ್ಟಾಗಿ ಹೋಗೋಣ ಅಂತ ಸಮಿತಿಯ ಮುಂದೆ ಇಟ್ಟಿದ್ದೇನೆ. ಬರುವವರು ನನಗೆ ಹೆಸರು ಕೊಡಿ, ಹತ್ತಿಪ್ಪತ್ತು ಮನೆಯವರು ಸೇರಿದರೆ ಒಂದೇ ಕಡೆ ಕೂರಬಹುದು. ಅಜ್ಜ ಅಜ್ಜಿ ಊರಿಂದ ಬಂದಿದ್ದರೆ ಅವರನ್ನೂ ಕರೆತನ್ನಿ. ಮೊದಲ ಸಲ ನೋಡುವವರು ಕಿಕ್‌ಆಫ್ (ಆಟ ಶುರುಮಾಡಲು ಚೆಂಡನ್ನು ಒದೆಯುವುದು) ಮೇಲೆ ಕಣ್ಣಿಡಿ: ಈ ಲೀಗ್‌ನಲ್ಲಿ ಕಿಕ್‌ಆಫ್ ಚೆಂಡು ನೇರ ಗೋಲ್‌ಪೋಸ್ಟ್‌ಗಳ ನಡುವೆ ಹೋದರೆ ಅದಕ್ಕೂ ಎರಡು ಅಂಕ ಸಿಗುತ್ತದೆ, ಅದನ್ನು ಡ್ಯೂಸ್ ಅನ್ನುತ್ತಾರೆ.